ನೊಣದ ಎಂಜಲು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಪಂಚಾಮೃತಕ್ಕೆ ಜೇನುತುಪ್ಪ ಸುರಿಯುವಾಗ ಹಿರಿಯರು ಹೇಳುವ ಮಾತೊಂದಿದೆ: ಕರು ಬಾಯಿ ಹಾಕಿದ ಹಾಲಿಗೂ ನೊಣ ಕಕ್ಕಿದ ಜೇನಿಗೂ ಎಂಜಲಿನ ದೋಷವಿಲ್ಲ. ಶಾಸ್ತ್ರದ ಪಾಲಿಗೆ ಅದೊಂದು ವಿನಾಯಿತಿ. ಜೇನುತುಪ್ಪದ ಪಾಲಿಗೆ ಆ ಎಂಜಲೇ ಸರ್ವಸ್ವ. ನೇರಳೆ ಹೂವಿನಿಂದ ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನುನೊಣ, ಹೊತ್ತು ತರುವುದು ತೆಳ್ಳನೆಯ ಸಕ್ಕರೆ ನೀರು. ಅದು ಜೇನಾಗಬೇಕಾದರೆ ನೊಣದ ತಲೆಯೊಳಗಿನ ಒಂದು ಗ್ರಂಥಿಯಿಂದ ಒಸರುವ ಕಿಣ್ವ ಅದಕ್ಕೆ ಸೇರಬೇಕು. ಆ ಕಿಣ್ವದ ಹೆಸರು ಇನ್ವರ್ಟೇಸ್.

ಮಕರಂದವನ್ನು ಬರೀ ಒಣಗಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಸುಕ್ರೋಸನ್ನು, ಅಂದರೆ ನಮ್ಮ ಕಬ್ಬಿನ ಸಕ್ಕರೆಯನ್ನು, ದ್ರಾವಣದ ತೂಕದ ಸುಮಾರು ಶೇ. 67ರಷ್ಟು ಮಾತ್ರ ಕರಗಿಸಿಕೊಳ್ಳಬಲ್ಲದು. ಅದಕ್ಕಿಂತ ಗಟ್ಟಿ ಮಾಡಲು ಹೊರಟರೆ ಹರಳು ಕಟ್ಟುತ್ತದೆ. ಆಲೆಮನೆಯ ಜೋನಿ ಬೆಲ್ಲ ಡಬ್ಬಿಯಲ್ಲಿ ಕೆಲವು ತಿಂಗಳು ಕೂತರೆ ತಳದಲ್ಲಿ ಸಕ್ಕರೆ ಹರಳು ಇಳಿಯುವುದು ಇದೇ ಕಾರಣಕ್ಕೆ. ಹಾಗಾಗದಿರಲೆಂದು ಪಾಕಕ್ಕೆ ಹುಳಿ ಬೆರೆಸುತ್ತಾರೆ. ಹುಳಿ ಮತ್ತು ಬೆಂಕಿ ಸೇರಿ ಸುಕ್ರೋಸಿನ ಒಂದು ಪಾಲನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತವೆ. ಮಿಶ್ರ ಸಕ್ಕರೆ ಹರಳಾಗಲು ಹಿಂಜರಿಯುತ್ತದೆ. ಜೇನಿನಲ್ಲಿ ಸಕ್ಕರೆ ಶೇ. 80ರ ಸುತ್ತಮುತ್ತ ಇರುತ್ತದೆ: ಫ್ರಕ್ಟೋಸ್ 38ರ ಹತ್ತಿರ, ಗ್ಲೂಕೋಸ್ 31ರ ಹತ್ತಿರ, ಸುಕ್ರೋಸ್ ಉಳಿಯುವುದು ಒಂದೆರಡು ಮಾತ್ರ. ಅಷ್ಟು ಗಟ್ಟಿಯಾದ್ದರಿಂದಲೇ ಅದರಲ್ಲಿ ಯೀಸ್ಟ್ ಬೆಳೆಯುವುದಿಲ್ಲ, ತುಪ್ಪ ಹುಳಿಯುವುದಿಲ್ಲ. ಆಲೆಮನೆಯಲ್ಲಿ ಕೊಪ್ಪರಿಗೆಯೂ ಬೆಂಕಿಯೂ ಮಾಡುವ ಕೆಲಸವನ್ನು ತುಡುವೆ 35 ಡಿಗ್ರಿ ಬೆಚ್ಚಗಿನ ಗೂಡಿನಲ್ಲಿ, ಹೊಗೆಯಿಲ್ಲದೆ ಮುಗಿಸುತ್ತದೆ. ಅದೂ ಅರೆಬರೆಯಾಗಿ ಅಲ್ಲ, ಹೆಚ್ಚುಕಡಿಮೆ ಪೂರ್ತಿಯಾಗಿ.

ಹೆಸರಿನ ಹಿಂದೆ ಬೆಳಕಿನ ಕಥೆಯಿದೆ. ಸುಕ್ರೋಸ್ ದ್ರಾವಣದ ಮೂಲಕ ಧ್ರುವೀಕೃತ ಬೆಳಕು, ಅಂದರೆ ಒಂದೇ ತಲದಲ್ಲಿ ಕಂಪಿಸುವ ಬೆಳಕು, ಹಾಯಿಸಿದರೆ ಅದರ ತಲ ಬಲಕ್ಕೆ ತಿರುಗುತ್ತದೆ. ಸುಕ್ರೋಸಿನ ನಿರ್ದಿಷ್ಟ ತಿರುವು ಧನ 66.5 ಡಿಗ್ರಿ. ಒಡೆದು ಹುಟ್ಟುವ ಗ್ಲೂಕೋಸ್ ಕೂಡ ಬಲಕ್ಕೇ ತಿರುಗಿಸುತ್ತದೆ, ಆದರೆ ಫ್ರಕ್ಟೋಸ್ ಅದಕ್ಕಿಂತ ಜೋರಾಗಿ ಎಡಕ್ಕೆ ಎಳೆಯುತ್ತದೆ. ಕೊನೆಗೆ ಮಿಶ್ರಣ ಎಡಕ್ಕೆ ವಾಲುತ್ತದೆ. ಬಲ ಎಡವಾಯಿತು, ತಿರುವು ಮಗುಚಿತು. ಆ ಮಗುಚುವಿಕೆಯಿಂದ ಇನ್ವರ್ಟೇಸ್ ಎಂಬ ಹೆಸರು.

ಇಲ್ಲೊಂದು ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳಬೇಕು. ಪಠ್ಯಪುಸ್ತಕದಲ್ಲಿ ಇನ್ವರ್ಟೇಸ್ ಎಂದರೆ ಸಾಮಾನ್ಯವಾಗಿ ಯೀಸ್ಟಿನದು. ನೊಣದ್ದು ಬೇರೆ ಜಾತಿ. ಯೀಸ್ಟಿನ ಕಿಣ್ವ ಸುಕ್ರೋಸನ್ನು ಫ್ರಕ್ಟೋಸಿನ ಕಡೆಯಿಂದ ಹಿಡಿಯುತ್ತದೆ, ನೊಣದ್ದು ಗ್ಲೂಕೋಸಿನ ಕಡೆಯಿಂದ. ಆದ್ದರಿಂದ ಅದರ ಸರಿಯಾದ ಹೆಸರು ಆಲ್ಫಾ-ಗ್ಲುಕೋಸಿಡೇಸ್. ಇದು ಬರೀ ಹೆಸರಿನ ವ್ಯತ್ಯಾಸವಾಗಿದ್ದರೆ ಇಷ್ಟು ಹೇಳುವ ಅಗತ್ಯವಿರಲಿಲ್ಲ. ನೊಣದ ಕಿಣ್ವ ಗ್ಲೂಕೋಸನ್ನು ಬಿಡಿಸಿ ಕೈಯಲ್ಲಿ ಹಿಡಿದಾಗ ಹೆಚ್ಚಿನ ಸಲ ಅದನ್ನು ನೀರಿಗೆ ಒಪ್ಪಿಸುತ್ತದೆ. ಕೆಲವೊಮ್ಮೆ ಪಕ್ಕದ ಇನ್ನೊಂದು ಸುಕ್ರೋಸಿಗೆ ಅಂಟಿಸಿಬಿಡುತ್ತದೆ. ಆಗ ಮೂರು ತುಂಡಿನ ಎರ್ಲೋಸ್ ಎಂಬ ಸಕ್ಕರೆ ಹುಟ್ಟುತ್ತದೆ. ಜೆ. ಡಬ್ಲ್ಯು. ವೈಟ್ ಮತ್ತು ಮಾಹೆರ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞರು 1953ರಲ್ಲೇ ಇದನ್ನು ತೋರಿಸಿದರು. ತುಪ್ಪ ಮಾಗುವಾಗ ಎರ್ಲೋಸ್ ಮೊದಲು ಏರುತ್ತದೆ, ಸುಕ್ರೋಸ್ ಮುಗಿಯುತ್ತ ಬಂದಂತೆ ಅದೂ ಒಡೆದು ಇಳಿಯುತ್ತದೆ. ಯೀಸ್ಟಿನ ಕಿಣ್ವ ಹಾಕಿ ಕಾರ್ಖಾನೆಯಲ್ಲಿ ಒಡೆದ ಸಕ್ಕರೆ ಪಾಕದಲ್ಲಿ ಈ ಏರಿಳಿತ ಇರುವುದಿಲ್ಲ. ತುಪ್ಪದಲ್ಲಿ ಯೀಸ್ಟಿನ ಬಗೆಯ ಕಿಣ್ವ ಸಿಕ್ಕರೆ ಅದು ನೊಣದಿಂದ ಬಂದದ್ದಲ್ಲ ಎಂದು ಪ್ರಯೋಗಾಲಯದವರು ಹೇಳುವುದು ಈ ವ್ಯತ್ಯಾಸದ ಬಲದಿಂದ.

ನೊಣದ ದೇಹದಲ್ಲಿ ಈ ಕಿಣ್ವ ಮೂರು ರೂಪಗಳಲ್ಲಿದೆ. ಯುರೋಪಿನ ಮೆಲ್ಲಿಫೆರಾ ನೊಣದ ಮೇಲೆ ಜಪಾನಿನಲ್ಲಿ ನಡೆದ ಕೆಲಸ ಇದನ್ನು ಚೆನ್ನಾಗಿ ಬಿಡಿಸಿಟ್ಟಿದೆ: ಒಂದನೆಯದು ಹೊಟ್ಟೆಯಲ್ಲಿ, ಎರಡನೆಯದು ಹೊಟ್ಟೆ ಮತ್ತು ರಕ್ತದ್ರವದಲ್ಲಿ, ಮೂರನೆಯದು ತಲೆಯ ಹೈಪೊಫ್ಯಾರಿಂಜಿಯಲ್ ಗ್ರಂಥಿಯಲ್ಲಿ. ಜೇನುತುಪ್ಪದಲ್ಲಿ ಸಿಗುವುದು ಈ ಮೂರನೆಯದು. ಸುಮಾರು 68 ಕಿಲೋಡಾಲ್ಟನ್ ತೂಕದ, ಸಕ್ಕರೆಯ ಸರಪಳಿ ಹೊದ್ದ ಪ್ರೋಟೀನ್. ಪಿಎಚ್ 5.5ರ ಆಸುಪಾಸಿನಲ್ಲಿ ಚುರುಕು. ನಮ್ಮ ತುಡುವೆಯ ಹತ್ತಿರದ ಬಂಧು ಜಪಾನಿನ ಸೆರಾನಾ ನೊಣದ ಕಿಣ್ವವನ್ನೂ ಥೈಲ್ಯಾಂಡಿನ ಹೆಜ್ಜೇನಿನ ಕಿಣ್ವವನ್ನೂ ಆಯಾ ದೇಶದವರು ಶುದ್ಧೀಕರಿಸಿ ನೋಡಿದ್ದಾರೆ. ಘಟ್ಟದ ತುಡುವೆಯನ್ನೂ ಅಷ್ಟೇ ಶ್ರದ್ಧೆಯಿಂದ ನೋಡಬೇಕು ಎಂಬುದು ನಮ್ಮ ಆಸೆ. ಅದಕ್ಕೆ ಬೇಕಾದ ಉಪಕರಣ ಒಂದು ಸಾಧಾರಣ ಕಾಲೇಜಿನ ಜೀವರಸಾಯನ ವಿಭಾಗದಲ್ಲಿ ಇರುವಷ್ಟೇ.

ಗ್ರಂಥಿಯಿಂದಲೇ ಶುರು ಮಾಡುವವರಿಗೆ ಮೊದಲ ಪ್ರಶ್ನೆ: ಯಾವ ವಯಸ್ಸಿನ ನೊಣ? ಇದೇ ಗ್ರಂಥಿ ಮರಿ ಸಾಕುವ ಎಳೆಯ ನೊಣದಲ್ಲಿ ರಾಜಾಹಾರದ, ಅಂದರೆ ರಾಯಲ್ ಜೆಲ್ಲಿಯ, ಪ್ರೋಟೀನ್ ಮಾಡುತ್ತದೆ. ಅದೇ ನೊಣ ಮೂರು ವಾರ ದಾಟಿ ಹೂವಿಗೆ ಹೊರಟಾಗ ಗ್ರಂಥಿ ಕುಗ್ಗಿ ಇನ್ವರ್ಟೇಸ್ ಮಾಡಲು ತೊಡಗುತ್ತದೆ. ತಾಯ್ತನದ ಅಂಗವೇ ದುಡಿಮೆಯ ಅಂಗವಾಗುವ ಈ ಬದಲಾವಣೆಯನ್ನು 1996ರಲ್ಲಿ ಜಪಾನಿನ ಸಂಶೋಧಕರು ಪ್ರೋಟೀನಿನ ಮಟ್ಟದಲ್ಲಿ ತೋರಿಸಿದರು. ಆದ್ದರಿಂದ ದೊಡ್ಡ ಗ್ರಂಥಿ ಕಂಡಿತು ಎಂದು ಮರಿ ಸಾಕುವ ನೊಣಗಳನ್ನು ಆರಿಸಿದರೆ ಪ್ರೋಟೀನ್ ರಾಶಿ ಸಿಗುತ್ತದೆ, ಬೇಕಾದ ಕಿಣ್ವ ಸ್ವಲ್ಪವೇ ಸಿಗುತ್ತದೆ. ಹೊಸಬರು ಎಡವುವ ಮೊದಲ ಜಾಗ ಇದು.

ಬೇಕಾದದ್ದು ಮಕರಂದ ಹೊತ್ತು ಮರಳುವ ನೊಣ. ಬೆಳಗಿನ ಹೂವಿನ ಹೊತ್ತಿನಲ್ಲಿ ಪೆಟ್ಟಿಗೆಯ ಬಾಗಿಲನ್ನು ಹತ್ತು ನಿಮಿಷ ಮುಚ್ಚಿದರೆ ಮರಳಿದವು ಹೊರಗೆ ಗುಂಪಾಗುತ್ತವೆ. ಕಾಲಿನಲ್ಲಿ ಪರಾಗದ ಉಂಡೆ ಇಲ್ಲದ, ಹೊಟ್ಟೆ ಉಬ್ಬಿದ ನೊಣಗಳನ್ನು ಜಾಲರಿ ಮುಚ್ಚಳದ ಡಬ್ಬಿಗೆ ತೆಗೆದುಕೊಳ್ಳಬೇಕು. ಮುಚ್ಚಿದ ಪ್ಲಾಸ್ಟಿಕ್ ಕೊಳವೆಗೆ ತುಂಬಿದರೆ ಸೆಕೆಗೆ ಕಂಗೆಟ್ಟು ಹೊಟ್ಟೆಯ ಮಕರಂದ ಕಕ್ಕಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕರಾವಳಿಯಲ್ಲಂತೂ ಇದಕ್ಕೆ ಕಾಲು ಗಂಟೆ ಬೇಡ. ಮಂಜುಗಡ್ಡೆಯ ಮೇಲಿಟ್ಟು ತಣ್ಣಗಾಗಿಸಿ, ಮೇಣ ತುಂಬಿದ ತಟ್ಟೆಯಲ್ಲಿ ತಲೆಯನ್ನು ಮುಖ ಮೇಲಾಗಿ ಸೂಜಿಯಿಂದ ಊರಿ, ತಣ್ಣನೆಯ ಫಾಸ್ಫೇಟ್ ಬಫರ್ (ಪಿಎಚ್ ಕದಲದಂತೆ ಹಿಡಿಯುವ ಲವಣದ ದ್ರಾವಣ) ಮುಳುಗುವಷ್ಟು ಹಾಕಿ, ಮುಖದ ಕವಚವನ್ನು ಅಂಚಿನ ಗುಂಟ ಕತ್ತರಿಸಿ ಎತ್ತಬೇಕು. ಒಳಗೆ ಮಿದುಳಿನ ಸುತ್ತ ಮಡಚಿಟ್ಟ ಎರಡು ಎಳೆ ಕಾಣುತ್ತವೆ. ನಮ್ಮ ಕಡೆಯವರಿಗೆ ಹೇಳುವುದಾದರೆ ಕಾಳುಮೆಣಸಿನ ಕರೆಯ ಹಾಗೆ: ನಡುವೆ ತೆಳ್ಳನೆಯ ದಂಟು, ಅದರ ಉದ್ದಕ್ಕೂ ಕಾಳು ಕಾಳಾಗಿ ಗ್ರಂಥಿಯ ಗುಳಿಗೆಗಳು. ಮರಿ ಸಾಕುವ ನೊಣದಲ್ಲಿ ಕಾಳು ತುಂಬಿ ಬೆಳ್ಳಗಿರುತ್ತದೆ, ಹೂವಿಗೆ ಹೋಗುವ ನೊಣದಲ್ಲಿ ಒಣಗಿದ ಕರೆಯಂತೆ ಸುಕ್ಕಾಗಿರುತ್ತದೆ. ಚಿಮಟಿಯಲ್ಲಿ ಒಂದು ತುದಿ ಹಿಡಿದು ನಿಧಾನ ಎಳೆದರೆ ಎಳೆ ಬಿಚ್ಚಿಕೊಂಡು ಬರುತ್ತದೆ. ಹತ್ತು ನೊಣಗಳ ಗ್ರಂಥಿಗಳನ್ನು 200 ಮೈಕ್ರೋಲೀಟರ್ ತಣ್ಣನೆಯ ಬಫರಿನಲ್ಲಿ ಅರೆದು, 10,000 ಜಿ ವೇಗದಲ್ಲಿ ಹತ್ತು ನಿಮಿಷ ಸುತ್ತಿಸಿ, ಮೇಲಿನ ತಿಳಿಯನ್ನು ತೆಗೆದುಕೊಂಡರೆ ಪರೀಕ್ಷೆಗೆ ಸಾಕು. ಅರೆಯುವ ಮೊದಲು ಹೊಟ್ಟೆಯ ಭಾಗ ತಾಗದಂತೆ ನೋಡಿಕೊಳ್ಳಬೇಕು; ಅಲ್ಲಿಯ ಒಂದು ಮತ್ತು ಎರಡನೆಯ ರೂಪಗಳು ಬೆರೆತರೆ ಆಮೇಲೆ ಬೇರ್ಪಡಿಸುವುದು ದೊಡ್ಡ ಕೆಲಸ.

ತುಪ್ಪದಿಂದ ಶುರು ಮಾಡುವುದು ಇದಕ್ಕಿಂತ ಸುಲಭ, ಆದರೆ ಮಾದರಿ ತೆಗೆಯುವುದರಲ್ಲೇ ಅರ್ಧ ಸೋಲು ಗೆಲುವು ನಿರ್ಧಾರವಾಗುತ್ತದೆ. ಎರಿ ಹಿಂಡಿ ತೆಗೆದ ತುಪ್ಪ ಈ ಕೆಲಸಕ್ಕೆ ಬರುವುದಿಲ್ಲ. ಹೆಜ್ಜೇನಿನ ತುಪ್ಪದಲ್ಲಿ ಇದು ಹೆಚ್ಚು: ಹಿಂಡಿದಾಗ ಪರಾಗವೂ ಮರಿಹುಳದ ರಸವೂ ಸೇರುತ್ತವೆ, ಪರಾಗ ತನ್ನದೇ ಕಿಣ್ವಗಳನ್ನು ತರುತ್ತದೆ, ಹುಳದ ಹೊಟ್ಟೆ ಇನ್ನೊಂದಷ್ಟನ್ನು. ತುಡುವೆ ಪೆಟ್ಟಿಗೆಯ ಜೇನು ಕೋಣೆಯಿಂದ ಮೇಣ ಮುಚ್ಚಿದ ಕಣಗಳನ್ನೇ ಆರಿಸಿ, ಮುಚ್ಚಳ ಕೆರೆದು, ದಪ್ಪ ಸೂಜಿಯ ಸಿರಿಂಜಿನಲ್ಲಿ ಹೀರುವುದು ಒಳ್ಳೆಯದು. ಮೇಣ ಮುಚ್ಚದ ಕಣದ ತುಪ್ಪವನ್ನೂ ಬೇರೆ ಕೊಳವೆಯಲ್ಲಿ ತೆಗೆದಿಟ್ಟರೆ ಮಾಗುವ ಹಾದಿ ಕಾಣುತ್ತದೆ. ಕೊಳವೆಯ ಮೇಲೆ ದಿನಾಂಕ, ಊರು, ಹೂವು, ಎರಿಯ ಸಂಖ್ಯೆ ಬರೆಯಬೇಕು. ಒಂದು ದೊಡ್ಡ ಸುಗ್ಗಿಯ ನಡುವೆ ತೆಗೆದ ತುಪ್ಪಕ್ಕೂ ಹೂವು ವಿರಳವಾದಾಗ ತೆಗೆದದ್ದಕ್ಕೂ ಅಂಕಿ ಬೇರೆಯೇ ಬರುತ್ತದೆ. ನೇರಳೆಯೋ ಮತ್ತಿಯೋ ಒಮ್ಮೆಲೇ ಅರಳಿ ಗೂಡಿಗೆ ಮಕರಂದ ನುಗ್ಗಿದಾಗ ಪ್ರತಿ ಹನಿ ಕೆಲವೇ ಬಾಯಿ ದಾಟಿ ಬೇಗ ಒಣಗುತ್ತದೆ, ಅದಕ್ಕೆ ಸೇರುವ ಎಂಜಲು ಕಡಿಮೆ. ಹೀಗೆ ಕಡಿಮೆ ಬಂದ ಅಂಕಿಗೆ ಕಲಬೆರಕೆಯ ಹಣೆಪಟ್ಟಿ ಹಚ್ಚುವುದು ಅನ್ಯಾಯ.

ಅಳತೆಯ ವಿಧಾನ ಹೀಗಿದೆ. ಜಗತ್ತಿನ ಜೇನು ಪ್ರಯೋಗಾಲಯಗಳು ಒಪ್ಪಿಕೊಂಡ ಸೀಗೆಂಥಾಲರ್ ವಿಧಾನದಲ್ಲಿ ಸುಕ್ರೋಸ್ ಬಳಸುವುದಿಲ್ಲ. ಅದರ ಬದಲು ಪ್ಯಾರಾ-ನೈಟ್ರೋಫಿನೈಲ್ ಆಲ್ಫಾ-ಡಿ-ಗ್ಲುಕೋಪೈರನೋಸೈಡ್, ಬಾಯಿಮಾತಿನಲ್ಲಿ ಪಿಎನ್‌ಪಿಜಿ. ಕಿಣ್ವ ಇದರಿಂದ ಗ್ಲೂಕೋಸನ್ನು ಕಿತ್ತಾಗ ನೈಟ್ರೋಫಿನಾಲ್ ಬಿಡುಗಡೆಯಾಗುತ್ತದೆ. ಆಮ್ಲದಲ್ಲಿ ಅದಕ್ಕೆ ಬಣ್ಣ ಇಲ್ಲವೆನ್ನುವಷ್ಟು ಕಡಿಮೆ. ಅರಿಶಿನಕ್ಕೆ ಸುಣ್ಣ ತಾಗಿದ ಕೂಡಲೇ ಕೆಂಪಾಗುವ ಹಾಗೆ, ಇದಕ್ಕೆ ಕ್ಷಾರ ತಾಗಿದ ಕೂಡಲೇ ಗಾಢ ಹಳದಿ. ಆ ಹಳದಿಯನ್ನು 400 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುವುದು.

ಬಫರಿಗೆ ಒಂದು ಲೀಟರ್ ನೀರಿನಲ್ಲಿ 11.66 ಗ್ರಾಂ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮತ್ತು 2.56 ಗ್ರಾಂ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ಡೈಹೈಡ್ರೇಟ್, ಪಿಎಚ್ 6.0 ಆಗಬೇಕು. ಅಂಗಡಿಯಲ್ಲಿ ನೀರಿನಂಶ ಇಲ್ಲದ ಡೈಸೋಡಿಯಂ ಲವಣ ಸಿಕ್ಕರೆ ತೂಕ ಬದಲಾಗುತ್ತದೆ, ಡಬ್ಬಿಯ ಚೀಟಿ ಓದದೆ ತೂಗಬಾರದು. ಇದೇ ಬಫರಿನಲ್ಲಿ ಲೀಟರಿಗೆ 6.0252 ಗ್ರಾಂ ಪಿಎನ್‌ಪಿಜಿ ಕರಗಿಸಿದರೆ 0.02 ಮೋಲಾರ್. ಕರಗಿಸಲು ಬೆಚ್ಚಗೆ ಮಾಡಬಹುದು, 60 ಡಿಗ್ರಿ ದಾಟಬಾರದು. ಕಪ್ಪು ಬಾಟಲಿಯಲ್ಲಿ ಫ್ರಿಜ್ಜಿನೊಳಗೆ ಸುಮಾರು ಒಂದು ತಿಂಗಳು ಬಾಳುತ್ತದೆ. ಮಳೆಗಾಲದಲ್ಲಿ ಘಟ್ಟದ ಮೇಲೆ ಕರೆಂಟು ದಿನಗಟ್ಟಲೆ ಕೈಕೊಟ್ಟರೆ ಆ ಒಂದು ತಿಂಗಳ ಲೆಕ್ಕವನ್ನು ನಂಬಬೇಡಿ. ದ್ರಾವಣ ತಾನಾಗಿ ಹಳದಿಗೆ ತಿರುಗಿದ್ದರೆ ಚೆಲ್ಲಿ. ದುಬಾರಿ ಪುಡಿ, ಆದ್ದರಿಂದ ವಾರಕ್ಕೆ ಬೇಕಾದಷ್ಟೇ ಮಾಡಿಕೊಳ್ಳುವುದು ಜಾಣತನ. ಕೊನೆಗೆ ಕಿಣ್ವದ ಕೆಲಸ ನಿಲ್ಲಿಸುವ ದ್ರಾವಣ: ಟ್ರಿಸ್ ಎಂಬ ಕ್ಷಾರ 3 ಮೋಲಾರ್, ಅಂದರೆ ಲೀಟರಿಗೆ ಸುಮಾರು 363 ಗ್ರಾಂ, ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 9.5ಕ್ಕೆ ತಂದದ್ದು.

5 ಗ್ರಾಂ ತುಪ್ಪವನ್ನು ಬಫರಿನಲ್ಲಿ ಕರಗಿಸಿ 25 ಮಿಲಿಲೀಟರಿಗೆ ತುಂಬಿಸಿ. 5 ಮಿಲಿ ಪಿಎನ್‌ಪಿಜಿಯನ್ನು 40 ಡಿಗ್ರಿ ನೀರಿನ ತೊಟ್ಟಿಯಲ್ಲಿ ಬೆಚ್ಚಗಾಗಿಸಿ, ಅದಕ್ಕೆ ಅರ್ಧ ಮಿಲಿ ತುಪ್ಪದ ದ್ರಾವಣ ಸೇರಿಸಿ, ಗಡಿಯಾರ ಒತ್ತಿ. ಸರಿಯಾಗಿ 20 ನಿಮಿಷಕ್ಕೆ ಅರ್ಧ ಮಿಲಿ ಟ್ರಿಸ್ ಹಾಕಿ ಕುಲುಕಿ. ತಣ್ಣಗಾದ ಮೇಲೆ ಅಳೆಯಿರಿ. ಜೊತೆಗೆ ಹೋಲಿಕೆಗೆಂದು ಒಂದು ಕೊಳವೆ ಬೇಕು, ಪ್ರಯೋಗಾಲಯದ ಮಾತಿನಲ್ಲಿ ಖಾಲಿ ಕೊಳವೆ: ಅದರಲ್ಲಿ ಪಿಎನ್‌ಪಿಜಿ 20 ನಿಮಿಷ ಬೆಚ್ಚಗೆ ಕೂತ ಮೇಲೆ ಮೊದಲು ಟ್ರಿಸ್, ಆಮೇಲೆ ತುಪ್ಪ. ಈ ಕ್ರಮ ತಪ್ಪಿದರೆ ಎಲ್ಲ ತಪ್ಪಿತು. ನೇರಳೆಯ ಕಾಲದ ಕಪ್ಪು ತುಪ್ಪಕ್ಕೆ ತನ್ನದೇ ಬಣ್ಣವಿದೆ, ಕ್ಷಾರ ತಾಗಿದಾಗ ಅದು ಇನ್ನೂ ಕಪ್ಪಾಗುತ್ತದೆ. ಖಾಲಿ ಕೊಳವೆಗೆ ಅದೇ ತುಪ್ಪ ಹಾಕದೆ ಬರೀ ನೀರು ಹಾಕಿದವರು ಆ ಬಣ್ಣವನ್ನೂ ಕಿಣ್ವದ ಖಾತೆಗೆ ಬರೆದುಕೊಳ್ಳುತ್ತಾರೆ. ಎರಡು ಅಳತೆಗಳ ವ್ಯತ್ಯಾಸವನ್ನು 158.94ರಿಂದ ಗುಣಿಸಿದರೆ ಕಿಲೋ ತುಪ್ಪದಲ್ಲಿರುವ ಕಿಣ್ವದ ಘಟಕಗಳು, 21.64ರಿಂದ ಗುಣಿಸಿದರೆ ಇನ್ವರ್ಟೇಸ್ ಸಂಖ್ಯೆ. ವ್ಯತ್ಯಾಸ 0.62 ಬಂದರೆ ಕಿಲೋಗೆ 98.5 ಘಟಕ, ಸಂಖ್ಯೆ 13.4. ಆ ಸಂಖ್ಯೆಯ ಅರ್ಥ ಕೂಡ ಚೆಂದ: 100 ಗ್ರಾಂ ತುಪ್ಪದಲ್ಲಿರುವ ಕಿಣ್ವ ಒಂದು ಗಂಟೆಯಲ್ಲಿ ಇಷ್ಟು ಗ್ರಾಂ ಸುಕ್ರೋಸ್ ಒಡೆಯಬಲ್ಲದು.

ಟ್ರಿಸ್ ಬಗ್ಗೆ ಒಂದು ಎಚ್ಚರಿಕೆ. ಅದು ಪಿಎಚ್ ಏರಿಸಿ ಕೆಲಸ ನಿಲ್ಲಿಸುವುದಷ್ಟೇ ಅಲ್ಲದೆ ಗ್ಲುಕೋಸಿಡೇಸ್‌ಗಳನ್ನು ನೇರವಾಗಿಯೂ ಕಟ್ಟಿಹಾಕುತ್ತದೆ. ಹಾಗಾಗಿ ಗ್ರಂಥಿ ಅರೆಯಲು, ಶುದ್ಧೀಕರಿಸಲು, ಸಂಗ್ರಹಿಸಲು ಟ್ರಿಸ್ ಬಫರ್ ಬಳಸಬೇಡಿ. ಬೇರೆ ಪ್ರೋಟೀನಿನ ಕೆಲಸದಿಂದ ಬಂದವರು ಅಭ್ಯಾಸಬಲದಿಂದ ಟ್ರಿಸ್ಸಿನಲ್ಲೇ ಅರೆದು, ಕಿಣ್ವವೇ ಇಲ್ಲ ಎಂಬ ತೀರ್ಮಾನಕ್ಕೆ ಬರುವುದುಂಟು.

ಪಿಎನ್‌ಪಿಜಿ ಕಿಣ್ವದ ಸಹಜ ಆಹಾರವಲ್ಲ. ಅದು ಸುಕ್ರೋಸನ್ನು ಹೇಗೆ ಹಿಡಿಯುತ್ತದೆ, ಎರ್ಲೋಸ್ ಎಷ್ಟು ಮಾಡುತ್ತದೆ ಎಂದು ತಿಳಿಯಬೇಕಾದರೆ ಮೊದಲು ತುಪ್ಪದ ಸ್ವಂತ ಸಕ್ಕರೆಯನ್ನು ತೊಳೆದು ತೆಗೆಯಬೇಕು. ಇಲ್ಲದಿದ್ದರೆ ಅದರ ಗ್ಲೂಕೋಸಿನ ರಾಶಿಯಲ್ಲಿ ಹೊಸದಾಗಿ ಹುಟ್ಟಿದ ಗ್ಲೂಕೋಸ್ ಕಾಣುವುದೇ ಇಲ್ಲ. ತೊಳೆಯುವುದು ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಡಯಾಲಿಸಿಸ್ ಚೀಲದಲ್ಲಿ, 4 ಡಿಗ್ರಿಯಲ್ಲಿ, 10 ಮಿಲಿಮೋಲಾರ್ ಫಾಸ್ಫೇಟ್ ಬಫರಿನ ಎದುರು, ನಾಲ್ಕಾರು ಸಲ ಬಫರ್ ಬದಲಿಸುತ್ತ ಒಂದು ಹಗಲು ಒಂದು ರಾತ್ರಿ. ಚೀಲವನ್ನು ಮೂರನೇ ಒಂದು ಪಾಲು ಮಾತ್ರ ತುಂಬಿಸಿ, ಉಳಿದ ಗಾಳಿ ಹಿಂಡಿ, ಗಂಟು ಕಟ್ಟಬೇಕು. ತುಪ್ಪ ನೀರು ಎಳೆದುಕೊಳ್ಳುವ ಬಿರುಸು ಸಾಮಾನ್ಯದ್ದಲ್ಲ. ಬಿಗಿಯಾಗಿ ತುಂಬಿದ ಚೀಲ ರಾತ್ರೋರಾತ್ರಿ ಒಡೆದು ಕೆಲಸವೆಲ್ಲ ಬಫರಿನ ಪಾಲಾಗುತ್ತದೆ. ಕಪ್ಪು ತುಪ್ಪದ ಪಾಲಿಫಿನಾಲುಗಳು ಪ್ರೋಟೀನಿಗೆ ಅಂಟಿಕೊಂಡು, ಪ್ರೋಟೀನ್ ಎಷ್ಟಿದೆ ಎಂದು ನೋಡುವ ಬ್ರಾಡ್‌ಫರ್ಡ್ ಅಳತೆಯನ್ನು ಕೆಡಿಸುತ್ತವೆ. ಅವನ್ನು ಹಿಡಿದುಕೊಳ್ಳುವ ಪಿವಿಪಿಪಿ ಎಂಬ ಪುಡಿಯನ್ನು ಚೂರು ಬೆರೆಸಿ ಸುತ್ತಿಸಿ ತೆಗೆದರೆ ಸುಧಾರಿಸುತ್ತದೆ.

ಅಂಕಿ ಕೈಗೆ ಬಂದ ಮೇಲೆ ಏನು? ಇಲ್ಲಿಂದ ಮುಂದಿನ ಮಾತು ಪ್ರಯೋಗಾಲಯಕ್ಕಿಂತ ಜೇನು ಸಾಕುವವರಿಗೂ ಮಾರುವವರಿಗೂ ಸೇರಿದ್ದು. 1964ರಲ್ಲಿ ಅದೇ ವೈಟ್ ಮತ್ತು ಸಂಗಡಿಗರು ಬೇರೆ ಬೇರೆ ಉಷ್ಣತೆಯಲ್ಲಿ ತುಪ್ಪದ ಕಿಣ್ವ ಅರ್ಧಕ್ಕಿಳಿಯಲು ಎಷ್ಟು ಕಾಲ ಬೇಕೆಂದು ಪಟ್ಟಿ ಮಾಡಿದರು. ಇನ್ವರ್ಟೇಸ್ ಅರ್ಧವಾಗಲು 20 ಡಿಗ್ರಿಯಲ್ಲಿ 820 ದಿನ, 25ರಲ್ಲಿ 250 ದಿನ, 30ರಲ್ಲಿ 83, 32ರಲ್ಲಿ 48, 35ರಲ್ಲಿ 28, 40ರಲ್ಲಿ ಹತ್ತು ದಿನಕ್ಕಿಂತ ಕಡಿಮೆ, 50ರಲ್ಲಿ ಒಂದೂಕಾಲು ದಿನ. ಇವು ಅಮೆರಿಕದ ಮೆಲ್ಲಿಫೆರಾ ತುಪ್ಪದ ಅಂಕಿಗಳು. ತುಡುವೆ ತುಪ್ಪದ ತೇವವೂ ಹುಳಿಯೂ ಬೇರೆ, ಆದ್ದರಿಂದ ಒಂದೊಂದು ಅಂಕಿಯನ್ನೂ ಹಾಗೆಯೇ ಹಚ್ಚಲಾಗದು. ಆದರೆ ಇಳಿಜಾರಿನ ಆಕಾರ ಅದೇ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಶಿರಸಿಯ ತಂಪು ಉಗ್ರಾಣದಲ್ಲಿ 25 ಡಿಗ್ರಿಯಲ್ಲಿ ಕೂತ ತುಪ್ಪವೂ ಏಪ್ರಿಲ್, ಮೇ ತಿಂಗಳಲ್ಲಿ ಕಾರವಾರ, ಅಂಕೋಲಾ, ಕುಮಟಾದ ಅಂಗಡಿಯಲ್ಲಿ 32 ಡಿಗ್ರಿಯಲ್ಲಿ ಕೂತ ತುಪ್ಪವೂ ಒಂದೇ ಎರಿಯಿಂದ ಬಂದಿದ್ದರೂ ಎರಡನೆಯದು ಐದು ಪಟ್ಟು ಬೇಗ ಸೊರಗುತ್ತದೆ. ಘಟ್ಟ ಇಳಿಯುವ ದಾರಿ ಎರಡು ಮೂರು ಗಂಟೆಯದು. ಕಿಣ್ವದ ಆಯುಷ್ಯದಲ್ಲಿ ಅದು ಬೇರೆ ದೇಶ. ಹೆದ್ದಾರಿ ಬದಿಯಲ್ಲಿ ಬಿಸಿಲಿಗೆ ಮುಖ ಮಾಡಿ ಜೋಡಿಸಿದ ಬಾಟಲಿಗಳು, ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಹಿಂಬದಿಯ ಡಬ್ಬಿಗಳು, ಇವುಗಳ ಗತಿ ಹೇಳಬೇಕಾಗಿಲ್ಲ.

ಇದೇ ಪಟ್ಟಿ ಇನ್ನೊಂದು ನಂಬಿಕೆಯನ್ನೂ ತಿದ್ದುತ್ತದೆ. ಕಾಯಿಸಿದ ತುಪ್ಪ ಸತ್ತ ತುಪ್ಪ ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. 63 ಡಿಗ್ರಿಯಲ್ಲಿ ಇನ್ವರ್ಟೇಸಿನ ಅರ್ಧಾಯುಷ್ಯ 3 ಗಂಟೆ. ಯೀಸ್ಟ್ ಕೊಲ್ಲಲು ನೀರಿನ ಪಾತ್ರೆಯೊಳಗೆ ಪಾತ್ರೆಯಿಟ್ಟು ಅರ್ಧ ಗಂಟೆ ಅದೇ ಉಷ್ಣತೆಯಲ್ಲಿ ಹಿಡಿದರೆ ನಷ್ಟ ಶೇ. 11. ಆಮೇಲೆ ಆ ತುಪ್ಪವನ್ನು ದೊಡ್ಡ ಡ್ರಮ್ಮಿನಲ್ಲಿ ಮುಚ್ಚಿ ಮನೆಗೆ ಹೋದರೆ ಅದು ರಾತ್ರಿಯಿಡೀ ಬಿಸಿ ಹಿಡಿದುಕೊಂಡಿರುತ್ತದೆ. 12 ಗಂಟೆ 50 ಡಿಗ್ರಿಯ ಆಸುಪಾಸಿನಲ್ಲಿ ಉಳಿದರೆ ಇನ್ನೂ ಕಾಲು ಭಾಗದ ಹತ್ತಿರ ಹೋಗುತ್ತದೆ. ಕಾಯಿಸಿದ್ದಕ್ಕಿಂತ ಆರಿಸದೆ ಬಿಟ್ಟದ್ದೇ ಎರಡು ಪಟ್ಟು ಕೆಡಿಸಿತು. ನೇರ ಬೆಂಕಿಯ ಮೇಲಿಟ್ಟು ತಳ 80 ಡಿಗ್ರಿ ಮುಟ್ಟಿದರೆ ಕಥೆ ಬೇರೆ: ಅಲ್ಲಿ ಅರ್ಧಾಯುಷ್ಯ ಎಂಟೂವರೆ ನಿಮಿಷ ಚಿಲ್ಲರೆ, ಅರ್ಧ ಗಂಟೆಗೆ ಹತ್ತರಲ್ಲಿ ಒಂಬತ್ತು ಪಾಲು ಮಾಯ. ತುಪ್ಪ ಕಾಯಿಸಲೇಬೇಕಾದವರು ಥರ್ಮಾಮೀಟರ್ ಇಟ್ಟುಕೊಳ್ಳಲಿ, ಸಣ್ಣ ಪಾತ್ರೆಗಳಲ್ಲಿ ಕಾಯಿಸಲಿ, ಕೂಡಲೇ ತಣ್ಣೀರಿನ ತೊಟ್ಟಿಗೆ ಇಳಿಸಲಿ.

ಕಾಯಿಸುವ ಅಗತ್ಯವೇ ಏಕೆ ಬರುತ್ತದೆ? ತೇವದಿಂದ. ನೂರಕ್ಕೆ 18.3 ಭಾಗ ನೀರಿರುವ ತುಪ್ಪ ಶೇ. 60ರ ತೇವದ ಗಾಳಿಯೊಂದಿಗೆ ಸಮತೋಲದಲ್ಲಿರುತ್ತದೆ. ಗಾಳಿಯ ತೇವ 80ಕ್ಕೆ ಏರಿದರೆ ತುಪ್ಪ 33ರವರೆಗೆ ನೀರು ಕುಡಿಯಬಲ್ಲದು. ನಮ್ಮ ಜೂನ್, ಜುಲೈ ತಿಂಗಳ ಗಾಳಿ ಅಷ್ಟೇ ತೇವದ್ದು. ಮಳೆ ಹಿಡಿಯುವ ಮೊದಲು, ಎರಿಯ ಮುಕ್ಕಾಲು ಭಾಗ ಮೇಣ ಮುಚ್ಚಿದ ಮೇಲೆ, ಒಣ ಮಧ್ಯಾಹ್ನದಲ್ಲಿ ತೆಗೆದು ಅದೇ ದಿನ ಬಿಗಿ ಮುಚ್ಚಳದ ಬಾಟಲಿಗೆ ತುಂಬಿದರೆ ಒಲೆಯ ಅಗತ್ಯ ಬಹುಪಾಲು ತಪ್ಪುತ್ತದೆ. ಹಾಗೆಂದು ತಿಂಗಳುಗಟ್ಟಲೆ ಗೂಡಿನಲ್ಲೇ ಬಿಡುವುದೂ ಲಾಭವಲ್ಲ. ಗೂಡಿನ ನಡುಭಾಗ 35 ಡಿಗ್ರಿಯ ಹತ್ತಿರ; ಮೇಣ ಮುಚ್ಚಿದ ಮೇಲೆ ನೊಣ ಹೊಸ ಎಂಜಲು ಸೇರಿಸುವುದಿಲ್ಲ, ಸೆಕೆ ಮಾತ್ರ ತನ್ನ ಕೆಲಸ ಮುಂದುವರಿಸುತ್ತದೆ.

ಇಷ್ಟೆಲ್ಲ ಇದ್ದೂ ನಮ್ಮ ಕಾನೂನು ಕೇಳುವುದು ಇನ್ನೊಂದು ಕಿಣ್ವವನ್ನು. ಪಿಷ್ಟ ಒಡೆಯುವ ಡಯಾಸ್ಟೇಸ್. ದೇಶದ ಆಹಾರ ಮಾನದಂಡದಲ್ಲಿ ಅದು ಕನಿಷ್ಠ 3 ಶೇಡ್ ಘಟಕ ಇರಬೇಕು. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಸಾಮಾನ್ಯವಾಗಿ 8 ಕೇಳುತ್ತದೆ, ಸಹಜವಾಗಿ ಕಿಣ್ವ ಕಡಿಮೆ ಇರುವ ತುಪ್ಪಕ್ಕೆ 3. ಮಕರಂದದಲ್ಲಿ ಪಿಷ್ಟ ಇಲ್ಲವೇ ಇಲ್ಲ ಎನ್ನಬಹುದು, ಜೇನು ಆಗುವುದರಲ್ಲಿ ಡಯಾಸ್ಟೇಸಿನ ಪಾತ್ರ ನಗಣ್ಯ. ಅದನ್ನು ಅಳೆಯುವುದು ಅದು ಸುಲಭಕ್ಕೆ ಸಾಯುವುದಿಲ್ಲ ಮತ್ತು ಅಯೋಡಿನ್ನಿನ ನೀಲಿಯಿಂದ ಅಳೆಯಬಹುದು ಎಂಬ ಅನುಕೂಲಕ್ಕೆ. 32 ಡಿಗ್ರಿಯಲ್ಲಿ ಅದು ಅರ್ಧವಾಗಲು 126 ದಿನ ಬೇಕು. 96 ದಿನ ಕಾರವಾರದ ಸೆಕೆಯಲ್ಲಿ ಕೂತ ಬಾಟಲಿಯಲ್ಲಿ ಇನ್ವರ್ಟೇಸ್ ನಾಲ್ಕನೇ ಒಂದಕ್ಕೆ ಇಳಿದಾಗ ಡಯಾಸ್ಟೇಸ್ ಇನ್ನೂ ಶೇ. 59 ಉಳಿದು, ತುಪ್ಪ ತಾಜಾ ಎಂದೇ ಹೇಳುತ್ತಿರುತ್ತದೆ. ಪಿಷ್ಟ ಒಡೆಯುವ ಹೊರಗಿನ ಕಿಣ್ವ ಅಮೈಲೇಸ್ ಬೆರೆಸಿ ಡಯಾಸ್ಟೇಸ್ ಅಂಕಿ ಏರಿಸುವ ದಾರಿಯೂ ಇದೆ. ಜರ್ಮನಿಯ ಜೇನು ಸಾಕುವವರ ಒಕ್ಕೂಟ ತನ್ನ ಸದಸ್ಯರ ತುಪ್ಪದಲ್ಲಿ ಇನ್ವರ್ಟೇಸನ್ನೇ ಕೇಳುತ್ತದೆ, ಕಿಲೋಗೆ ಕನಿಷ್ಠ 64 ಘಟಕ. ಆ ಗೆರೆಯನ್ನು ನಾವು ಕಣ್ಣುಮುಚ್ಚಿ ಎತ್ತಿಕೊಳ್ಳಬೇಕು ಎನ್ನುವುದಿಲ್ಲ. ಅದು ತಂಪು ದೇಶದ ಮೆಲ್ಲಿಫೆರಾ ತುಪ್ಪಕ್ಕೆ ಎಳೆದ ಗೆರೆ. ನಮ್ಮ ಮಾನದಂಡದಲ್ಲೇ ಸಹ್ಯಾದ್ರಿಯ ಕಾರ್ವಿ ತುಪ್ಪಕ್ಕೆ ಸುಕ್ರೋಸಿನ ಮಿತಿ 5ರ ಬದಲು 10 ಎಂಬ ವಿನಾಯಿತಿ ಇದೆ. ಒಂದು ಹೂವಿಗಾಗಿ ಗೆರೆ ಬದಲಿಸಲು ಸಾಧ್ಯವಾದರೆ ಒಂದು ನೊಣಕ್ಕಾಗಿಯೂ ಸಾಧ್ಯ. ಅದಕ್ಕೆ ಬೇಕಾದದ್ದು ತುಡುವೆಯ ತಾಜಾ ತುಪ್ಪದ ನೂರಾರು ಅಳತೆಗಳು, ಹೂವು ಮತ್ತು ದಿನಾಂಕ ಬರೆದಿಟ್ಟವು.

ಮಿಸರಿ ಜೇನಿಗೆ ಈ ಯಾವ ಗೆರೆಯೂ ಹೊಂದುವುದಿಲ್ಲ. ಗೋಡೆ ಸಂದಿಯಲ್ಲಿ, ಮರದ ಪೊಟರೆಯಲ್ಲಿ ಮೇಣ ಮತ್ತು ಅಂಟಿನ ಪುಟ್ಟ ಮಡಿಕೆ ಕಟ್ಟಿ ತುಪ್ಪ ತುಂಬುವ ಈ ಕೊಂಡಿಯಿಲ್ಲದ ನೊಣದ ತುಪ್ಪ ಹುಳಿ, ತೆಳುವು, ನೀರಿನಂಶ ಶೇ. 25 ದಾಟುವುದು ಸಾಮಾನ್ಯ. 2020ರಲ್ಲಿ ಆಸ್ಟ್ರೇಲಿಯಾ ಮತ್ತು ಮಲೇಷ್ಯಾದ ಕೊಂಡಿಯಿಲ್ಲದ ನೊಣಗಳ ತುಪ್ಪದಲ್ಲಿ ಟ್ರೆಹಲುಲೋಸ್ ಎಂಬ ಅಪರೂಪದ ಸಕ್ಕರೆ ಹೇರಳವಾಗಿ ಸಿಕ್ಕಿತು. ಆಸ್ಟ್ರೇಲಿಯಾದ ಆ ನೊಣವೂ ನಮ್ಮ ಮಿಸರಿಯೂ ಒಂದೇ ಕುಲದವು, ಟೆಟ್ರಗೊನುಲ. ಅಲ್ಲಿ ಕಿಣ್ವ ಸುಕ್ರೋಸನ್ನು ಎರಡು ತುಂಡು ಮಾಡುವ ಬದಲು, ಬಿಡಿಸಿದ ಗ್ಲೂಕೋಸನ್ನು ಅದೇ ಫ್ರಕ್ಟೋಸಿಗೆ ಬೇರೆ ಕೀಲಿನಲ್ಲಿ ಮರಳಿ ಜೋಡಿಸುತ್ತದೆ. ಪಿಎನ್‌ಪಿಜಿಯ ಹಳದಿ ಈ ಜೋಡಣೆಯನ್ನು ತೋರಿಸಲಾರದು. ಒಡೆದದ್ದನ್ನಷ್ಟೇ ಅದು ಎಣಿಸುತ್ತದೆ. ಮಿಸರಿ ತುಪ್ಪಕ್ಕೆ ಡಯಾಲಿಸಿಸ್ ಮಾಡಿ, ಶುದ್ಧ ಸುಕ್ರೋಸ್ ಕೊಟ್ಟು, ಗಂಟೆಗೊಮ್ಮೆ ತುಸು ತೆಗೆದು ಕ್ರೊಮಾಟೊಗ್ರಾಫಿಯಲ್ಲಿ ಸಕ್ಕರೆಗಳನ್ನು ಬೇರ್ಪಡಿಸಿ ನೋಡಬೇಕು. ಮಡಿಕೆಗೆ ಸೂಜಿ ಇಳಿಸುವಾಗ ಪಕ್ಕದ ಪರಾಗದ ಮಡಿಕೆ ಒಡೆಯದಂತೆ ಎಚ್ಚರ ಬೇಕು, ಎರಡೂ ಒಂದೇ ಗಾತ್ರ, ಒಂದೇ ಬಣ್ಣ. ತೆಗೆದ ತುಪ್ಪ ಅಂದೇ ಫ್ರೀಜರಿಗೆ ಹೋಗಬೇಕು, ಏಕೆಂದರೆ ಅಷ್ಟು ತೇವದ ತುಪ್ಪ ಕರಾವಳಿಯ ಸೆಕೆಯಲ್ಲಿ ಎರಡು ದಿನಕ್ಕೆ ನೊರೆಯೇಳುತ್ತದೆ, ಆಮೇಲೆ ಅಳೆಯುವುದು ಯೀಸ್ಟಿನ ಕಿಣ್ವವನ್ನು.